ರಣಕಥನ ಮತ್ತು ಊರಿನ ಲೆಕ್ಕ

ಅಮೆರಿಕದ ಮಿಸಿಸಿಪಿ ಪ್ರಾಂತ್ಯದಲ್ಲಿ ಹ್ಯಾಟೀಸ್‌ಬರ್ಗ್ ಎಂಬ ಪಟ್ಟಣವುಂಟು. ಅಲ್ಲಿಯ ಸದರ್ನ್ ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿ ಯುದ್ಧ ಮತ್ತು ಸಮಾಜಗಳ ಅಧ್ಯಯನಕ್ಕೆಂದೇ ಡೇಲ್ ಕೇಂದ್ರವೆಂಬ ಸಂಸ್ಥೆಯೊಂದಿದ್ದು, ವಿದ್ಯಾರ್ಥಿಗಳಿಗೆ ಪಾಠ ಹೇಳುವುದರ ಜೊತೆಗೆ ಪುರಜನರನ್ನೂ ಆಹ್ವಾನಿಸಿ ಉಪನ್ಯಾಸಗಳನ್ನು ಏರ್ಪಡಿಸುತ್ತ ಬಂದಿದೆ. ಸೇನಾಪತಿಗಳ ವ್ಯೂಹರಚನೆ, ಗೆದ್ದವರ ಧ್ವಜ, ಮಡಿದವರ ಸಂಖ್ಯೆ ಇಷ್ಟಕ್ಕೇ ತೃಪ್ತವಾಗುತ್ತಿದ್ದ ಹಳೆಯ ಇತಿಹಾಸಕ್ರಮವನ್ನು ಬಿಟ್ಟು, ಯುದ್ಧವು ಮನೆಯನ್ನೂ ಬೀದಿಯನ್ನೂ ನ್ಯಾಯಸ್ಥಾನವನ್ನೂ ಹೇಗೆ ಮಾರ್ಪಡಿಸುತ್ತದೆಂದು ವಿಚಾರಿಸುವ ಈ ಪದ್ಧತಿ ಶ್ಲಾಘ್ಯವಾದುದು. ಅಲ್ಲಿಯ ಪ್ರಾಧ್ಯಾಪಕ ಆಂಡ್ರೂ ವೀಸ್ಟ್ ಅವರಂತೂ ಹಿಂದೆ ವಿಯೆಟ್ನಾಮಿನಲ್ಲಿ ಹೋರಾಡಿದವರನ್ನು ಜೊತೆಗಿಟ್ಟುಕೊಂಡು ವಿದ್ಯಾರ್ಥಿಗಳನ್ನು ಆ ದೇಶಕ್ಕೇ ಕರೆದೊಯ್ದರು.

ಆದರೆ ದೂರದ ರಣರಂಗವನ್ನು ವರ್ಣಿಸುವುದು ಸುಲಭ. ಸ್ವಸ್ಥಳದ ವೃತ್ತಾಂತವನ್ನು ಎತ್ತಿಕೊಂಡಾಗಲೇ ಇಂತಹ ಸಭೆಗಳ ಸತ್ತ್ವಪರೀಕ್ಷೆ. ಊರಿನ ದಕ್ಷಿಣಕ್ಕಿರುವ ಶೆಲ್ಬಿ ಸೇನಾಶಿಬಿರದಲ್ಲಿ 1943ರಲ್ಲಿ ಜಪಾನೀ ಮೂಲದ ಅಮೆರಿಕನ್ ತರುಣರ 442ನೆಯ ದಳವು ತರಬೇತಿ ಪಡೆಯುತ್ತಿದ್ದಾಗ, ಅವರಲ್ಲಿ ಹಲವರ ತಂದೆತಾಯಿಗಳನ್ನು ಅದೇ ಸರ್ಕಾರವು ಮುಳ್ಳುತಂತಿಯ ಬೇಲಿಯೊಳಗೆ ಕೂಡಿಹಾಕಿತ್ತು.

ಇನ್ನೂ ಹತ್ತಿರದ್ದು ಕ್ಲೈಡ್ ಕೆನ್ನಾರ್ಡ್ ಅವರ ಕಥೆ. ಕೊರಿಯಾ ಯುದ್ಧದ ಕಾಲದಲ್ಲಿ ಪ್ಯಾರಾಚೂಟ್ ಸೈನಿಕರಾಗಿದ್ದ ಈ ಕಪ್ಪುಜನಾಂಗದ ತರುಣರು ತಾಯಿಗೆ ನೆರವಾಗಲೆಂದು ಊರಿಗೆ ಮರಳಿ, ಕೋಳಿಸಾಕಣೆ ಮಾಡಿಕೊಂಡು, ಓದನ್ನು ಪೂರೈಸಲೋಸುಗ ಈಗ ಡೇಲ್ ಕೇಂದ್ರವಿರುವ ಇದೇ ವಿದ್ಯಾಸಂಸ್ಥೆಯಲ್ಲಿ ಪ್ರವೇಶ ಬೇಡಿದರು. ಬಿಳಿಯರಿಗೇ ಮೀಸಲಾಗಿದ್ದ ಅದು ಮತ್ತೆ ಮತ್ತೆ ನಿರಾಕರಿಸಿತು. 1960ರಲ್ಲಿ ಇಪ್ಪತ್ತೈದು ಡಾಲರು ಬೆಲೆಯ ಐದು ಮೂಟೆ ಕೋಳಿಮೇವಿನ ಕಳವಿಗೆ ಕುಮ್ಮಕ್ಕು ಕೊಟ್ಟರೆಂಬ ಸುಳ್ಳು ಆಪಾದನೆಯ ಮೇಲೆ ಅವರಿಗೆ ಏಳು ವರ್ಷಗಳ ಸೆರೆವಾಸವಾಯಿತು. ಕದ್ದವನಿಗೆ ಮಾತ್ರ ಸೆರೆ ತಪ್ಪಿತು! ಅರ್ಬುದರೋಗದಿಂದ ಜೀರ್ಣರಾದ ಮೇಲೆ ಬಿಡುಗಡೆಗೊಂಡು, 1963ರ ಜುಲೈ 4ರಂದು, ಅಂದರೆ ಆ ರಾಷ್ಟ್ರದ ಸ್ವಾತಂತ್ರ್ಯದಿನದಂದೇ, ತೀರಿಕೊಂಡರು. ನ್ಯಾಯಾಲಯವು ಶಿಕ್ಷೆಯನ್ನು ರದ್ದುಪಡಿಸಿದ್ದು 2006ರಲ್ಲಿ. ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಇತ್ತದ್ದು 2018ರಲ್ಲಿ.

ಇದು ಯುದ್ಧದ ವಿಷಯವಲ್ಲ, ರಾಜಕೀಯ, ಎಂದು ಆಕ್ಷೇಪಿಸುವವರಿದ್ದಾರು. ಸಮವಸ್ತ್ರ ತೊಟ್ಟವನಿಗೆ ದೇಶವು ಋಣಿ ಎಂದು ವರ್ಷವರ್ಷವೂ ಘೋಷಿಸುವ ಸಮಾಜ, ಅದನ್ನು ಕಳಚಿಟ್ಟು ಬಂದವನನ್ನು ಹೇಗೆ ನಡೆಸಿಕೊಂಡಿತೆಂಬ ಪ್ರಶ್ನೆಗಿಂತ ಮಿಗಿಲಾದ ಯುದ್ಧವಿಷಯ ಯಾವುದಿದೆಯೋ ನಾನರಿಯೆ. ತೀರ್ಪು ಹೇಳಿದ ಪಂಚರ ಮೊಮ್ಮಕ್ಕಳೂ ಕೆನ್ನಾರ್ಡ್ ಅವರ ಬಂಧುಗಳೂ ಒಂದೇ ಸಾಲಿನ ಕುರ್ಚಿಗಳಲ್ಲಿ ಕುಳಿತು ಇದನ್ನು ವಿಚಾರಿಸಬೇಕಾದರೆ ಅದಕ್ಕೆ ಇಂತಹ ಸಭೆಯೇ ತಕ್ಕ ಸ್ಥಳ. ವಿದ್ವಾಂಸರು ಅರ್ಧ ಗಂಟೆಯಲ್ಲಿ ಉಪನ್ಯಾಸ ಮುಗಿಸಿ (ಇದು ವಿದ್ವಾಂಸರಿಗೆ ಕಷ್ಟವೆಂದು ಬಲ್ಲೆ) ಮಿಕ್ಕ ಕಾಲವನ್ನು ಸಭಿಕರ ಪ್ರಶ್ನೆಗಳಿಗೆ ಬಿಡತಕ್ಕದ್ದು.