ಜುಯಿ ಅಂದ್ರೆ ಎಚ್ಚರಿಕೆ. ನಮ್ಮಲ್ಲಿ ಎಚ್ಚರಿಕೆ ಅಂದ್ರೆ?



ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕೆಲಸದ ಗಡಿಬಿಡಿ, ಜೊತೆಗೆ ಕೊರಿಯನ್ ಕಲಿಕೆ. (ಯಾಕೆ ಅಂತ ಕೇಳ್ಬೇಡಿ. ಆಫೀಸಿನಲ್ಲಿ ಆ ದೇಶದ ತಂಡದ ಜೊತೆ ಕೆಲಸ. ಅವರ ಮೇಲ್‌ಗಳಲ್ಲಿ ನಾಲ್ಕು ಸಾಲಾದ್ರೂ ಓದೋಣ ಅಂತ ಶುರು ಮಾಡಿದ್ದು.) ಇವತ್ತು ಬರೀತಿರೋದು ಆ ಭಾಷೆಯ ಒಂದೇ ಒಂದು ಪದದ ಬಗ್ಗೆ. ಪದದ ಬಗ್ಗೆ ಅನ್ನೋದಕ್ಕಿಂತ, ಅದು ನನ್ನಲ್ಲಿ ಹುಟ್ಟಿಸಿದ ಸಿಟ್ಟಿನ ಬಗ್ಗೆ.

ಪದ: ಜುಯಿ. ಮೊದಲ ಅಕ್ಷರ ನಮ್ಮ ಚ ಮತ್ತು ಜ ನಡುವೆ ಎಲ್ಲೋ ನಿಲ್ಲುತ್ತೆ. ಮೂಲ ಚೀನೀ. ಜು ಅಂದ್ರೆ ಸುರಿಯೋದು, ಉಯಿ ಅಂದ್ರೆ ಮನಸ್ಸು. ಮನಸ್ಸನ್ನ ಒಂದು ಕಡೆ ಸುರಿ, ಅಂದ್ರೆ ಗಮನ ಕೊಡು, ಎಚ್ಚರ ವಹಿಸು. ಇದಕ್ಕೊಂದು ತಂಗಿ ಪದ ಇದೆ, ಜೊಶಿಮ್. ಮನಸ್ಸನ್ನ ಬಿಗಿಯಾಗಿ ಹಿಡ್ಕೊಳ್ಳೋದು ಅಂತ ಅದರ ಮೂಲಾರ್ಥ. ಮನೆಗೆ ಬಂದ ನೆಂಟರು ಹೊರಟಾಗ ಕೊರಿಯಾದವರು "ಜೊಶಿಮ್ಹಿ ಗಸೆಯೊ" ಅಂತಾರೆ. ನಮ್ಮ ಕೊಪ್ಪದ ಕಡೆ ಅಜ್ಜಿಯಂದಿರು ಜಗಲಿ ತುದಿಗೆ ಬಂದು "ಜೋಪಾನ ಮಾರಾಯ, ನಿಧಾನ ಹೋಗು" ಅಂತಾರಲ್ಲ, ಥೇಟ್ ಅದೇ.

ಇನ್ನೊಂದು ತಮಾಷೆ ಕೇಳಿ. ಕಿವಿಗೆ ಹೀಗೇ ಕೇಳೋ ಇನ್ನೊಂದು ಜುಯಿ ಇದೆ, ಅದರರ್ಥ "ವಾದ", ಇಸಂ. ಪ್ರಜಾಪ್ರಭುತ್ವಕ್ಕೆ ಮಿಂಜುಜುಯಿ. ಅಂದ್ರೆ ಕೊರಿಯನ್ನಿನಲ್ಲಿ ಪ್ರತಿ ಇಸಂನ ಬಾಲದಲ್ಲೂ "ಎಚ್ಚರಿಕೆ" ಅಂತ ಕೇಳುತ್ತೆ :-) ನಮ್ಮಲ್ಲೂ ಹಾಗಿದ್ದಿದ್ರೆ ಚೆನ್ನಾಗಿರ್ತಿತ್ತು.

ಪದಗಳ ವಿಷಯದಲ್ಲಿ ನಾವೇನು ಬಡವರಲ್ಲ. ಎಚ್ಚರಿಕೆ ಅನ್ನೋದು ಎಚ್ಚರದಿಂದ ಬಂತು, ನಿದ್ದೆಯಿಂದ ಎದ್ದ ಸ್ಥಿತಿ. ಜಾಗ್ರತೆಯೂ ಅಷ್ಟೇ, ಸಂಸ್ಕೃತದ ಎಚ್ಚರ. ಹುಷಾರು ಪಾರ್ಸಿಯಿಂದ ಬಂದು ನಮ್ಮ ಮನೆಯವನೇ ಆಗಿಬಿಟ್ಟಿದೆ. ಬುದ್ಧಿವಂತ ಹುಡುಗನೂ ಹುಷಾರು, ಜ್ವರ ಬಿಟ್ಟವನೂ ಹುಷಾರು, ಬೈಯೋವಾಗ್ಲೂ ಹುಷಾರು! ಜೋಪಾನ ಇದೆ, ಅಪಾಯ ಇದೆ, ಮುನ್ನೆಚ್ಚರಿಕೆ ಇದೆ. ಇಷ್ಟೆಲ್ಲ ಇದ್ದೂ ನಮ್ಮ ಜನರ ಜೀವಕ್ಕೆ ಸಂಬಂಧಪಟ್ಟ ಎಚ್ಚರಿಕೆಗಳನ್ನ ನಾವು ಯಾವ ಭಾಷೆಯಲ್ಲಿ ಕೊಡ್ತಿದೀವಿ? ನನ್ನ ತಕರಾರು ಇಷ್ಟೇ.

ಮೊದಲು ಸರಿಯಾಗಿರೋದನ್ನ ಹೇಳ್ತೀನಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲೂಕಲ್ಲಿ ಯಾವುದೇ ಟ್ರಾನ್ಸ್‌ಫಾರ್ಮರ್ ಹತ್ರ ನಿಂತು ನೋಡಿ. ತಲೆಬುರುಡೆ, ಎರಡು ಮೂಳೆ, "ಅಪಾಯ". ಇದು ಯಾರದೋ ಕನ್ನಡಾಭಿಮಾನದಿಂದ ಬಂದದ್ದಲ್ಲ. 1956ರ ವಿದ್ಯುತ್ ನಿಯಮಗಳಲ್ಲೇ ಬರೆದಿಟ್ಟಿದ್ರು: ಅಪಾಯದ ಫಲಕ ಹಿಂದಿ ಅಥವಾ ಇಂಗ್ಲಿಷ್‌ನಲ್ಲಿರಬೇಕು, ಜೊತೆಗೆ ಆ ಜಿಲ್ಲೆಯ ಭಾಷೆಯಲ್ಲೂ ಇರಬೇಕು, ತಲೆಬುರುಡೆಯ ಗುರುತೂ ಇರಬೇಕು. ಅಡಿಕೆ ಕೊನೆ ತೆಗೆಯೋರು ಉದ್ದನೆ ದೋಟಿ ಹಿಡ್ಕೊಂಡು ತಂತಿ ಕೆಳಗೆ ಓಡಾಡೋ ನಮ್ಮೂರಲ್ಲಿ ಆ ಮೂರಕ್ಷರದ ಬೆಲೆ ಏನು ಅಂತ ತೋಟ ಇರೋರಿಗೆ ಹೇಳ್ಬೇಕಾಗಿಲ್ಲ.

ಇನ್ನೊಂದು ಒಳ್ಳೇ ಉದಾಹರಣೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಈ ಕಾಯಿಲೆ 2024ರಲ್ಲಿ ಕೊಪ್ಪ, ಶೃಂಗೇರಿ ಸೀಮೆಯನ್ನೂ ಹೆದರಿಸಿತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೇಳೋ ಮಾತು ನೋಡಿ: "ಕಾಡಿಗೆ ಹೋಗೋ ಮುಂಚೆ ಈ ಎಣ್ಣೆ ಹಚ್ಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೀರಿ, ಮೈಮೇಲೆ ಉಣುಗು ಇದೆಯಾ ನೋಡ್ಕೊಳ್ಳಿ, ಮಂಗ ಸತ್ತಿದ್ದು ಕಂಡ್ರೆ ತಿಳಿಸಿ". ಅಪಾಯ ಯಾವುದು, ನಾನೇನು ಮಾಡ್ಬೇಕು, ಎರಡೂ ಇದೆ. ಯಾವ ಕೊರಿಯಾಕ್ಕೂ ಕಡಿಮೆ ಇಲ್ಲದ ಎಚ್ಚರಿಕೆ ಇದು.

ಈಗ ಸಿಟ್ಟಿನ ಭಾಗಕ್ಕೆ ಬರ್ತೀನಿ.

ನಮ್ಮ ಕೊಟ್ಟಿಗೆ ಅಟ್ಟದ ಮೇಲೆ ಸಾಲಾಗಿ ನಿಂತಿರೋ ಬಾಟ್ಲಿಗಳು. ಕಳೆ ಔಷಧಿ, ಹುಳದ ಔಷಧಿ. ಗಮನಿಸಿ, ನಾವು ಅದನ್ನ ಕರೆಯೋದೇ "ಔಷಧಿ" ಅಂತ! ಕೊರಿಯನ್ನಿನಲ್ಲೂ ಕೀಟನಾಶಕಕ್ಕೆ ನೊಂಗ್ಯಾಕ್ ಅಂತಾರೆ, ಕೃಷಿಯ ಮದ್ದು ಅಂತ ಅರ್ಥ. ಎರಡು ಭಾಷೆಗಳೂ ವಿಷಕ್ಕೆ ಮದ್ದಿನ ಹೆಸರಿಟ್ಟಿವೆ. ಹೆಸರೇ ಹೀಗೆ ಮೋಸ ಮಾಡುವಾಗ ಬಾಟ್ಲಿ ಮೇಲಿನ ಎಚ್ಚರಿಕೆ ಎಷ್ಟು ಸ್ಪಷ್ಟವಾಗಿರಬೇಕು ಹೇಳಿ.

ನಮ್ಮ 1971ರ ಕೀಟನಾಶಕ ನಿಯಮಗಳ ಪ್ರಕಾರ ಪ್ರತಿ ಬಾಟ್ಲಿ ಮೇಲೆ ವಜ್ರಾಕಾರದ ಒಂದು ಗುರುತು ಇರುತ್ತೆ. ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಅಂದ್ರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಮೇಲಿನ ಅರ್ಧದಲ್ಲಿ ಪದ. ಕೆಂಪಿಗೆ ತಲೆಬುರುಡೆ ಮತ್ತು "ಪಾಯ್ಸನ್", ಹಳದಿಗೆ ಬರೀ "ಪಾಯ್ಸನ್", ನೀಲಿಗೆ "ಡೇಂಜರ್", ಹಸಿರಿಗೆ "ಕಾಶನ್". ಡೇಂಜರ್‌ಗಿಂತ ಪಾಯ್ಸನ್ ಜೋರು, ಕಾಶನ್‌ಗಿಂತ ಡೇಂಜರ್ ಜೋರು ಅನ್ನೋ ಏಣಿ ಇಂಗ್ಲಿಷ್ ಓದಿದವನಿಗೂ ತಕ್ಷಣ ಹೊಳೆಯಲ್ಲ. ಬೆನ್ನಿಗೆ ಪಂಪು ಕಟ್ಕೊಂಡು ತೋಟಕ್ಕಿಳಿಯೋನಿಗೆ ಹೊಳೆಯುತ್ತಾ?

"ಬಣ್ಣ ಇದೆಯಲ್ಲ, ಬಣ್ಣಕ್ಕೆ ಭಾಷೆ ಇಲ್ಲ" ಅಂತಾರೆ ನನ್ನ ಗೆಳೆಯರು. ಹೌದಾ? ಬಿಸ್ಕತ್ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಅಂದ್ರೆ ಸಸ್ಯಾಹಾರ. ಸಿಗ್ನಲ್ಲಿನ ಹಸಿರು ಅಂದ್ರೆ ಹೋಗು. ಅದೇ ಹಸಿರು ಈ ಬಾಟ್ಲಿ ಮೇಲೆ "ಸ್ವಲ್ಪ ವಿಷ" ಆಗಿಬಿಡುತ್ತೆ! ಯಾರಾದ್ರೂ ಹೇಳಿಕೊಡದೆ ಇದು ಗೊತ್ತಾಗೋದು ಹೇಗೆ? ಬಣ್ಣಕ್ಕೂ ಭಾಷೆ ಇದೆ ಸ್ವಾಮೀ, ಅದನ್ನೂ ಕಲಿಸ್ಬೇಕು.

"ಒಳಗೆ ಚೀಟಿ ಇರುತ್ತಲ್ಲ" ಅಂತ ಮುಂದಿನ ವಾದ. ನಿಜ, ಆ ಚೀಟಿ ಹಿಂದಿ, ಇಂಗ್ಲಿಷ್ ಮತ್ತು ಆ ಪ್ರದೇಶದ ಒಂದೆರಡು ಭಾಷೆಗಳಲ್ಲಿ ಇರಬೇಕು ಅಂತ ನಿಯಮವೇ ಇದೆ. ಆ ಚೀಟಿಯನ್ನ ಬಿಚ್ಚಿ ನೋಡಿದೀರಾ? ತೆಳ್ಳನೆ ಕಾಗದ, ಹತ್ತು ಮಡಿಕೆ, ಇರುವೆ ಕಾಲಿನಷ್ಟು ಅಕ್ಷರ. ಕನ್ನಡ ಇದ್ರೂ ಎಂಥ ಕನ್ನಡ! "ಸಿಂಪಡಣೆಯ ಸಂದರ್ಭದಲ್ಲಿ ಸೂಕ್ತ ಮುನ್ನೆಚ್ಚರಿಕಾ ಕ್ರಮಗಳನ್ನು ಅನುಸರಿಸತಕ್ಕದ್ದು" ಅನ್ನೋ ಧಾಟಿ. ಸೂಕ್ತ ಅಂದ್ರೆ ಯಾವುದು? ಕ್ರಮ ಅಂದ್ರೆ ಏನು? "ಗಾಳಿಗೆ ಎದುರಾಗಿ ಹೊಡೀಬೇಡಿ. ಕೈಗೆ ಗ್ಲೌಸ್ ಹಾಕಿ. ಹೊಡೆದ ಮೇಲೆ ಸೋಪು ಹಚ್ಚಿ ತೊಳೆಯದೆ ಎಲೆಅಡಿಕೆ ಬಾಯಿಗೆ ಹಾಕ್ಬೇಡಿ" ಅಂತ ಬರೆದ್ರೆ ಶಾಯಿ ಮುಗಿದುಹೋಗುತ್ತಾ? ಬಾಟ್ಲಿ ಮೊದಲ ಸಲ ತೆಗೆದ ದಿನವೇ ಆ ಚೀಟಿ ಚರಂಡಿ ಸೇರಿರುತ್ತೆ. ಆಮೇಲೆ ಉಳಿಯೋದು ಬಾಟ್ಲಿ ಮಾತ್ರ. ಹಾಗಾಗಿ ಎಚ್ಚರಿಕೆ ಬಾಟ್ಲಿ ಮೇಲೇ, ದಪ್ಪಕ್ಷರದಲ್ಲಿ, ಕನ್ನಡದಲ್ಲಿ ಇರಬೇಕು. "ವಿಷ" ಅಂತ ಎರಡಕ್ಷರ. ಅಷ್ಟು ಜಾಗ ಇಲ್ವಾ?

ಮಳೆಗಾಲದ ಕಥೆ ಬೇರೆ. ಕೊರಿಯಾದ ಹವಾಮಾನ ಇಲಾಖೆ ಕೊಡೋ ಮೊದಲ ಹಂತದ ಸೂಚನೆಗೆ ಜುಯಿಬೊ ಅಂತ ಹೆಸರು, ಎರಡನೆಯದು ಗ್ಯಂಗ್‌ಬೊ. ಮೂರು ಗಂಟೇಲಿ 60 ಮಿಲಿಮೀಟರ್ ಅಥವಾ ಹನ್ನೆರಡು ಗಂಟೇಲಿ 110 ಮಿಲಿಮೀಟರ್ ಸುರಿಯೋ ಸಂಭವ ಇದ್ರೆ ಭಾರೀ ಮಳೆಯ ಜುಯಿಬೊ. 90 ಅಥವಾ 180 ಅಂದ್ರೆ ಗ್ಯಂಗ್‌ಬೊ. "ಗಮನ ಇಡಿ" ಅನ್ನೋ ಮಾತು ಆ ಹೆಸರಿನೊಳಗೇ ಇದೆ. ಅಲ್ಲಿನ ಅಜ್ಜಿಗೂ ಅದು ಮನೆಮಾತು.

ನಮ್ಮಲ್ಲಿ? "ಚಿಕ್ಕಮಗಳೂರು ಜಿಲ್ಲೆಗೆ ಆರೆಂಜ್ ಅಲರ್ಟ್". ಕನ್ನಡ ಪೇಪರಲ್ಲೂ ಆರೆಂಜ್ ಅಲರ್ಟ್, ಕನ್ನಡ ಟೀವಿಯಲ್ಲೂ ಆರೆಂಜ್ ಅಲರ್ಟ್. ಹವಾಮಾನ ಇಲಾಖೆ ಈ ಬಣ್ಣಗಳಿಗೆ ಅರ್ಥ ಕೊಟ್ಟಿದೆ: ಹಳದಿ ಅಂದ್ರೆ ಸುದ್ದಿ ಗಮನಿಸ್ತಿರಿ, ಕಿತ್ತಳೆ ಅಂದ್ರೆ ತಯಾರಾಗಿರಿ, ಕೆಂಪು ಅಂದ್ರೆ ಈಗಲೇ ಕ್ರಮ ತಗೊಳ್ಳಿ. ಎಷ್ಟು ಉಪಯೋಗದ ಮಾತುಗಳು! ಅವನ್ನೇ ಬಿಟ್ಟು ಬರೀ ಬಣ್ಣದ ಇಂಗ್ಲಿಷ್ ಹೆಸರು ಇಟ್ಕೊಂಡಿದೀವಿ. ಪರಿಣಾಮ ಏನು ಗೊತ್ತಾ? ನಮ್ಮೂರಲ್ಲಿ ರೆಡ್ ಅಲರ್ಟ್ ಅಂದ್ರೆ ಇರೋದು ಒಂದೇ ಅರ್ಥ: "ನಾಳೆ ಶಾಲೆಗೆ ರಜಾನಾ?" ತುಂಗೆ ಉಕ್ಕಿ ಶೃಂಗೇರಿಯ ಗಾಂಧಿ ಮೈದಾನಕ್ಕೆ ನುಗ್ಗೋ ದಿನ ವಾಹನ ಎಲ್ಲಿ ನಿಲ್ಲಿಸಬಾರದು, ಹಳ್ಳ ತುಂಬಿದಾಗ ಕಾಲುಸಂಕ ದಾಟಬೇಕಾ ಬೇಡ್ವಾ, ಗುಡ್ಡ ಕಡಿದು ಕಟ್ಟಿದ ಮನೆಯಲ್ಲಿ ರಾತ್ರಿ ಮಲಗಬಹುದಾ, ಇದ್ಯಾವುದನ್ನೂ ಆ "ಆರೆಂಜ್" ಹೇಳಲ್ಲ. ಅದೂ ಅಲ್ದೆ ಬಯಲುಸೀಮೆಯ ಕಡೂರಿಗೂ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟೋ ಶೃಂಗೇರಿಗೂ ಜಿಲ್ಲೆ ಒಂದೇ, ಅಲರ್ಟೂ ಒಂದೇ!

"ಡೇಂಜರ್, ಅಲರ್ಟ್ ಎಲ್ಲ ಈಗ ಕನ್ನಡವೇ ಆಗಿದೆ ಬಿಡೋ" ಅನ್ನೋರಿದ್ದಾರೆ. ಬಸ್ಸು, ರೋಡು ಕನ್ನಡವಾಗಿರೋದು ಒಪ್ಪುತ್ತೀನಿ. ಆದ್ರೆ ಬಸ್ಸು ಅಂದಾಗ ತಪ್ಪು ಅರ್ಥ ಮಾಡ್ಕೊಂಡ್ರೆ ಇನ್ನೊಂದು ಬಸ್ಸು ಹತ್ತಬಹುದು. ಇಲ್ಲಿ ಎರಡನೇ ಅವಕಾಶ ಇಲ್ಲ. ನಾನು ಕೊರಿಯನ್ ಕಲಿಯೋವಾಗ ಜುಯಿ ಅಂದ್ರೇನು ಅಂತ ನೆನಪು ಮಾಡ್ಕೊಳ್ಳೋಕೆ ಎರಡು ಸೆಕೆಂಡ್ ಬೇಕಾಗುತ್ತೆ. ಪರಭಾಷೆಯ ಎಚ್ಚರಿಕೆ ಅಂದ್ರೆ ಆ ಎರಡು ಸೆಕೆಂಡ್. ಎಸಿ ರೂಮಲ್ಲಿ ಕೂತ ನನಗೆ ಅದರಿಂದ ನಷ್ಟ ಇಲ್ಲ. ತಂತಿ ಕೆಳಗೆ ದೋಟಿ ಎತ್ತಿದವನಿಗೆ ಇದೆ.

ಈಗ ಕೆಲವರಿಗೆ ಇಷ್ಟವಾಗದ ಮಾತು. ಇದನ್ನ ಬರೀ ಕನ್ನಡದ ಜಗಳ ಅಂದ್ಕೊಂಡು ಚಪ್ಪಾಳೆ ಹೊಡೆಯೋಕೆ ಬಂದಿದ್ರೆ ಸ್ವಲ್ಪ ನಿಲ್ಲಿ. ನಮ್ಮ ಕಾಫಿ, ಅಡಿಕೆ ತೋಟಗಳಲ್ಲಿ ಈಗ ಅಸ್ಸಾಂ, ಜಾರ್ಖಂಡ್ ಕಡೆಯ ಕೂಲಿಯವರಿದ್ದಾರೆ. ಎನ್.ಆರ್.ಪುರದ ಸುತ್ತ ಮಲಯಾಳಂ ಮಾತಾಡೋ ಎಷ್ಟೋ ಮನೆಗಳಿವೆ. ಶಾರದಾಂಬೆ ದರ್ಶನಕ್ಕೆ ತಮಿಳರು, ತೆಲುಗರು ಬಂದು ತುಂಗೆಯ ಪಾಚಿಗಟ್ಟಿದ ಮೆಟ್ಟಿಲು ಇಳೀತಾರೆ. ಅವರಿಗೆ ಕನ್ನಡದ "ಎಚ್ಚರಿಕೆ" ನನಗೆ ಕೊರಿಯನ್ ಜುಯಿ ಇದ್ದ ಹಾಗೆ. ಹೊಳೆದಂಡೆಯಲ್ಲಿ ಕನ್ನಡದ ಕೆಳಗೆ ತಮಿಳು, ತೆಲುಗಿನ ಎಚ್ಚರಿಕೆ ಕಂಡ್ರೆ ನನಗೇನೂ ಹೊಟ್ಟೆ ಉರಿಯಲ್ಲ. ಅಂಗಡಿ ಬೋರ್ಡಿನ ಭಾಷೆ ಬಗ್ಗೆ ಎಷ್ಟು ಬೇಕಾದ್ರೂ ಜಗಳ ಆಡೋಣ. ಎಚ್ಚರಿಕೆಯ ಭಾಷೆ ಮಾತ್ರ ಅಪಾಯದಲ್ಲಿರೋನ ಭಾಷೆಯೇ ಆಗಿರಬೇಕು.

ಕೊರಿಯಾ ಸ್ವರ್ಗ ಅಂತ ನಾನು ಹೇಳ್ತಿಲ್ಲ. 2004ರಲ್ಲಿ ಶುರುವಾದ ಪರ್ಮಿಟ್ ಪದ್ಧತಿಯಡಿ ಅವರು ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ ಮುಂತಾದ ದೇಶಗಳಿಂದ ಕಾರ್ಮಿಕರನ್ನ ಕರೆಸಿಕೊಳ್ತಿದ್ದಾರೆ. ಹೋಗೋ ಮುಂಚೆ ಕೊರಿಯನ್ ಪರೀಕ್ಷೆ ಪಾಸಾಗ್ಬೇಕು, ಅದರ ಪಾಠಗಳಲ್ಲಿ ಸುರಕ್ಷತಾ ಫಲಕಗಳನ್ನ ಓದೋದೂ ಸೇರಿದೆ. ಅಲ್ಲಿನ ಸುರಕ್ಷತಾ ಸಂಸ್ಥೆ ವಿದೇಶಿ ಕಾರ್ಮಿಕರ ಭಾಷೆಗಳಲ್ಲೂ ಎಚ್ಚರಿಕೆಯ ಹಾಳೆಗಳನ್ನ ಅಚ್ಚು ಹಾಕುತ್ತೆ. ಇಷ್ಟಾಗಿಯೂ 2024ರ ಜೂನ್ 24ರಂದು ಹ್ವಾಸಂಗ್ ಊರಿನ ಲಿಥಿಯಂ ಬ್ಯಾಟರಿ ಕಾರ್ಖಾನೆಗೆ ಬೆಂಕಿ ಬಿದ್ದು 23 ಜನ ಸತ್ರು. ಅವರಲ್ಲಿ 18 ಜನ ಹೊರದೇಶದವರು. ತಪ್ಪಿಸಿಕೊಳ್ಳೋದು ಹೇಗೆ ಅಂತ ಅವರಿಗೆ ಸರಿಯಾಗಿ ಹೇಳಿಕೊಟ್ಟಿದ್ರಾ ಅನ್ನೋ ಪ್ರಶ್ನೆ ಇಡೀ ದೇಶದಲ್ಲಿ ಎದ್ದಿತು. ಗೋಡೆ ಮೇಲೆ ಫಲಕ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲ್ಲ ಅಂತ ಅವರೂ ಹೆಣ ಎಣಿಸಿ ಕಲೀಬೇಕಾಯ್ತು.

ನನ್ನ ಪ್ರಕಾರ, ಓದಲಾಗದ ಎಚ್ಚರಿಕೆ ಅಂದ್ರೆ ಕಂಪನಿ ತನಗೆ ತಾನೇ ಬರ್ಕೊಂಡ ಜಾಮೀನು ಪತ್ರ. ನಾಳೆ ಏನಾದ್ರೂ ಆದ್ರೆ "ನಾವು ಬರೆದಿದ್ವಲ್ಲ" ಅನ್ನೋಕೆ. ಬರೆದದ್ದು ಯಾರಿಗಾಗಿ ಅಂತ ಕೇಳೋ ಹಕ್ಕು ನಮಗಿದೆ.

ಹಾಗಾಗಿ ಒಂದು ಕೋರಿಕೆ. ನಾವು ಬ್ಲಾಗಿಗರು ಊರಿಗೆ ಹೋದಾಗ ಮಳೆ, ಮಂಜು, ಹೆಂಚಿನ ಮನೆಯ ಫೋಟೋ ಹಾಕ್ತೀವಿ (ನಾನೂ ಹಾಕ್ತೀನಿ, ಬಿಡಿ). ಮುಂದಿನ ಸಲ ಅಟ್ಟ ಹತ್ತಿ ಬಾಟ್ಲಿಗಳ ಲೇಬಲ್ ಫೋಟೋನೂ ತೆಗೀರಿ. ಕನ್ನಡದಲ್ಲಿ "ವಿಷ" ಅಂತ ದೊಡ್ಡದಾಗಿ ಇದೆಯಾ ನೋಡಿ. ಇಲ್ಲದಿದ್ರೆ ಅದನ್ನ ಪೋಸ್ಟ್ ಮಾಡಿ, ನಿಮ್ಮ ತಾಲೂಕಿನ ಕೃಷಿ ಇಲಾಖೆ ಕಚೇರಿಗೆ ಒಂದು ಅರ್ಜಿ ಬರೀರಿ. ಪೇಪರಲ್ಲಿ ಕೆಲಸ ಮಾಡೋ ಗೆಳೆಯರು ಈ ಮಳೆಗಾಲದಿಂದಲೇ "ಆರೆಂಜ್ ಅಲರ್ಟ್" ಪಕ್ಕದಲ್ಲಿ "ತಯಾರಾಗಿರಿ" ಅನ್ನೋ ಒಂದು ಪದ ಸೇರಿಸಲಿ. ಮತ್ತೆ ಅರ್ಜಿ ಬರೆದು ಉತ್ತರಕ್ಕೆ ಕಾಯ್ತಾ ಇರೋಷ್ಟರಲ್ಲಿ, ಒಂದು ಪರ್ಮನೆಂಟ್ ಮಾರ್ಕರ್ ತಗೊಂಡು ಬಾಟ್ಲಿ ಮೇಲೆ ನೀವೇ "ವಿಷ" ಅಂತ ಬರೆದುಬಿಡಿ. ನಿಮ್ಮ ತೋಟಕ್ಕೆ ಕೆಲಸಕ್ಕೆ ಬರೋರ ಭಾಷೆಯಲ್ಲೂ ಅವರನ್ನೇ ಕೇಳಿ ಬರೆಸಿ. ಹತ್ತು ನಿಮಿಷದ ಕೆಲಸ.

ಒಪ್ಪದವರು ಕಾಮೆಂಟಿನಲ್ಲಿ ಜಗಳಕ್ಕೆ ಬನ್ನಿ. ಕಾಯ್ತಿರ್ತೀನಿ.