ವಿಧೇಯತೆಗೆ ವಯಸ್ಸಿದೆ, ಸನ್ಮಾನಕ್ಕಿಲ್ಲ

ಇಲ್ಲಿ ಬರೆಯೋರು, ಓದೋರು ಬಹುಪಾಲು ನನ್ನ ವಯಸ್ಸಿನವರೇ. ಹಾಗಾಗಿ ಊರಿಂದ ಭಾನುವಾರ ಬರೋ ಫೋನಿನ ಬಗ್ಗೆ ಜಾಸ್ತಿ ವಿವರಿಸಬೇಕಿಲ್ಲ. ಮದುವೆ ಯಾವಾಗ, ನಾವು ನೋಡಿದ ಸಂಬಂಧ ಯಾಕೆ ಬೇಡ, ಆ ಕೆಲಸ ಯಾಕೆ ಬಿಟ್ಟೆ... ನಮ್ಮದು ಕ್ರೈಸ್ತ ಮನೆ. ನಮ್ಮಲ್ಲಿ ಇಂಥ ಮಾತಿನ ಕೊನೆಗೆ ಒಂದು ಮುದ್ರೆ ಬೀಳುತ್ತೆ: ಅಪ್ಪ ಅಮ್ಮನ ಮಾತು ಕೇಳಬೇಕು ಅಂತ ಬೈಬಲ್ಲೇ ಹೇಳುತ್ತಲ್ಲ!

ಹೇಳುತ್ತೆ, ನಿಜ. ನನ್ನ ತಕರಾರು ಅರ್ಧ ಓದಿ ಪುಸ್ತಕ ಮುಚ್ಚಿಡೋದರ ಬಗ್ಗೆ.

ಮಕ್ಕಳು ವಿಧೇಯರಾಗಿರಲಿ ಅನ್ನೋ ಮಾತು ಇರೋದು ಎಫೆಸದವರಿಗೆ ಬರೆದ ಪತ್ರಿಕೆಯ ಆರನೇ ಅಧ್ಯಾಯದ ಮೊದಲ ವಚನದಲ್ಲಿ. ಅಲ್ಲಿಂದ ನಾಲ್ಕನೇ ವಚನಕ್ಕೆ ಬನ್ನಿ, ತಂದೆಯರಿಗೂ ಒಂದು ಕಟ್ಟಪ್ಪಣೆ ಇದೆ: ಮಕ್ಕಳನ್ನು ಕೆಣಕಿ ಸಿಟ್ಟೆಬ್ಬಿಸಬೇಡಿ ಅಂತ. ಕೊಲೊಸ್ಸೆಯವರ ಪತ್ರಿಕೆಯಲ್ಲಿ ಇದಕ್ಕೆ ಕಾರಣವೂ ಇದೆ, ಮಕ್ಕಳ ಮನಸ್ಸು ಕುಗ್ಗಿಹೋಗಬಾರದು ಅನ್ನೋದು. ಇದು ಎಂಥ ಕಾಲದ ಮಾತು ನೋಡಿ. ರೋಮನ್ ಕಾನೂನಿನಲ್ಲಿ ಅಪ್ಪ ತಾನಾಗಿ ಬಿಟ್ಟುಕೊಡದಿದ್ದರೆ, ಅವನು ಬದುಕಿರೋವರೆಗೂ ಮಗ ಅವನ ಅಧಿಕಾರದಡಿಯೇ. ಅಂಥ ಅಪ್ಪನಿಗೆ 'ನಿನಗೂ ಮಿತಿ ಇದೆ' ಅಂದದ್ದು ಸಣ್ಣ ವಿಷಯ ಅಲ್ಲ.

ಈಗ ಕೆಳಗೆ ಹೋಗೋ ಬದಲು ಮೇಲೆ ಹೋಗಿ. ಐದನೇ ಅಧ್ಯಾಯದ ಕೊನೆಯಲ್ಲಿ ಆದಿಕಾಂಡದ ಹಳೇ ಮಾತೊಂದನ್ನು ಎತ್ತಿಕೊಳ್ಳಲಾಗಿದೆ: ಗಂಡಸು ತಂದೆತಾಯಿಯನ್ನು ಬಿಟ್ಟು ಹೆಂಡತಿಯನ್ನು ಸೇರುತ್ತಾನೆ ಅಂತ. ಬಿಟ್ಟು ಹೋಗೋ ಮಾತಿಗೂ ವಿಧೇಯತೆಯ ಮಾತಿಗೂ ನಡುವೆ ಇರೋದು ಎರಡೇ ವಚನ! ಅಂದರೆ ವಿಧೇಯತೆ ಅನ್ನೋದು ಬೆಳೆಯುತ್ತಿರೋ ಮಕ್ಕಳಿಗೆ. ಸ್ವಂತ ಮನೆ ಕಟ್ಟಿಕೊಳ್ಳೋ ವಯಸ್ಸಿಗೆ ಅದು ಮುಗಿಯಬೇಕು ಅನ್ನೋದು ನಾನು ಓದಿಕೊಂಡ ಅರ್ಥ.

ನಮ್ಮ ನಾಡಿನದೇ ಉದಾಹರಣೆ ಬೇಕಾದರೆ ಮಂಗಳೂರಿನ ಆನಂದರಾವ್ ಕೌಂಡಿನ್ಯ. 1825ರಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣರ ಹುಡುಗ, ಬಾಸೆಲ್ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವನು. 1843ರಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದ ಅದೇ ಮೋಗ್ಲಿಂಗರ ಪ್ರಭಾವದಿಂದ 1844ರಲ್ಲಿ ದೀಕ್ಷಾಸ್ನಾನ ಪಡೆದ. ಊರಲ್ಲಿ ದೊಡ್ಡ ಗಲಾಟೆಯೇ ಆಯಿತು. ಆಮೇಲೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ವಾಪಸ್ ಬಂದರು. ಅವರ ಮನೆಯವರ ಸಂಕಟ ಸುಳ್ಳೇನಲ್ಲ, ಅದನ್ನು ಹಗುರ ಮಾಡೋಕೆ ನನಗೆ ಇಷ್ಟವಿಲ್ಲ. ಆದರೆ ಕೌಂಡಿನ್ಯರನ್ನು ಹೆಮ್ಮೆಯಿಂದ ನೆನೆಯೋ ನಾವೇ, ಹಿರಿಯರಿಗೆ ಎದುರಾಡೋದೇ ಪಾಪ ಅಂತ ಇಪ್ಪತ್ತೆಂಟರ ಮಗಳಿಗೆ ಹೇಗೆ ಹೇಳೋದು? ನಮ್ಮಲ್ಲಿ ಎಷ್ಟೋ ವಂಶಗಳನ್ನು ಹಿಂದಕ್ಕೆ ಕೆದಕಿದರೆ ಮನೆಯವರ ಮಾತು ಮೀರಿದ ಒಬ್ಬ ಸಿಕ್ಕಾನು.

ಇಷ್ಟು ಓದಿ ಖುಷಿಯಾದ ಗೆಳೆಯರೇ, ಸ್ವಲ್ಪ ತಡೆಯಿರಿ. ಇನ್ನೊಂದು ಅರ್ಧ ಬಾಕಿ ಇದೆ, ಅದು ನಮಗೆ.

ದಶಾಜ್ಞೆಯಲ್ಲಿ ಇರೋ ಪದ ವಿಧೇಯತೆ ಅಲ್ಲ, ಸನ್ಮಾನ. ಶಾಲು, ಹಾರ, ಫಲತಾಂಬೂಲದ ಸನ್ಮಾನ ಅಲ್ಲ ಮತ್ತೆ! ಅದರ ಅರ್ಥ ಮಾರ್ಕನ ಏಳನೇ ಅಧ್ಯಾಯದಲ್ಲಿ ಚೆನ್ನಾಗಿದೆ. ತಂದೆತಾಯಿಗೆ ಕೊಡಬೇಕಾದ್ದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮೀಸಲು ಅಂತ ಹೇಳಿ ಜಾರಿಕೊಳ್ಳೋರನ್ನು ಯೇಸು ಅಲ್ಲಿ ಜಾಡಿಸುತ್ತಾನೆ. ಅಲ್ಲಿರೋರು ಪುಟ್ಟ ಮಕ್ಕಳಲ್ಲ, ದುಡಿದು ಗಳಿಸೋ ದೊಡ್ಡವರು. ಸನ್ಮಾನ ಅಂದರೆ ಖರ್ಚು ವೆಚ್ಚ, ಔಷಧಿ, ಊಟ. ಈ ಮಹದೇವಪುರದಲ್ಲಿ ಕೂತು ನೋಡಿದರೆ ನಮ್ಮ ಕಾಲದ ಕೊರ್ಬಾನ್ ಹೆಸರು ಇಎಂಐ. ಫ್ಲ್ಯಾಟಿಂದು, ಕಾರಿಂದು, ಎಲ್ಲ ಕಟ್ಟಿ ಉಳಿದರೆ ಊರಿಗೆ. 2007ರಲ್ಲಿ ಪಾರ್ಲಿಮೆಂಟು ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಕಾಯ್ದೆಯನ್ನೇ ಮಾಡಬೇಕಾಯಿತು. ನ್ಯಾಯಮಂಡಳಿಗೆ ಅರ್ಜಿ ಹಾಕಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು ಅಂತ ಅದರಲ್ಲಿದೆ. ಅಮ್ಮ ಮಗನ ಮೇಲೆ ಅರ್ಜಿ ಹಾಕೋದು! ಅಲ್ಲಿಗೆ ಬಂತಲ್ಲ ಅನ್ನೋದೇ ನಾಚಿಕೆ.

ಅಧಿಕಾರ ಮತ್ತು ಪ್ರೀತಿ ಜೊತೆಗಿದ್ದರೆ ಹೇಗಿರುತ್ತೆ ಅಂತ ಯಾರಾದರೂ ಕೇಳಿದರೆ ನಾನು ಲೂಕನ ಹದಿನೈದನೇ ಅಧ್ಯಾಯ ತೋರಿಸ್ತೀನಿ. ಕಿರಿಮಗ ಪಾಲು ಕೇಳಿದಾಗ ಆ ಅಪ್ಪ ಕೊಟ್ಟು ಕಳಿಸುತ್ತಾನೆ, ತಡೆಯೋದಿಲ್ಲ. ಎಲ್ಲ ಹಾಳುಮಾಡಿಕೊಂಡು ಬಂದಾಗ 'ನಾನು ಆವತ್ತೇ ಹೇಳಿದ್ದೆ' ಅನ್ನೋದೂ ಇಲ್ಲ. ದೂರದಲ್ಲಿ ಕಂಡ ಕೂಡಲೇ ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಹಿರೀಮಗ ಮುನಿಸಿಕೊಂಡು ಹೊರಗೆ ನಿಂತರೆ ಅವನನ್ನೂ ಕರೆಯೋಕೆ ತಾನೇ ಎದ್ದು ಬರುತ್ತಾನೆ. ಆ ಹಿರೀಮಗ ಪೂರ್ತಿ ವಿಧೇಯ, ಒಂದು ಮಾತೂ ಮೀರಿದವನಲ್ಲ. ಆದರೂ ಅಪ್ಪನ ಸಂತೋಷದಲ್ಲಿ ಅವನಿಗೆ ಸಂತೋಷವಿಲ್ಲ.

ಹೇಳಿದ್ದು ಕೇಳೋ ಮಕ್ಕಳನ್ನು ಬೆಳೆಸೋದು ಅಷ್ಟೇನೂ ಕಷ್ಟವಲ್ಲ, ಹೆದರಿಸಿದರೂ ಆಗುತ್ತೆ. ಬಿಟ್ಟು ಹೋದ ಮೇಲೂ ಬರಬೇಕು ಅನ್ನಿಸೋ ಮನೆ ಕಟ್ಟೋದು ಕಷ್ಟ. ನಮ್ಮಲ್ಲಿ ಕೆಲವರು ಈಗಷ್ಟೇ ಅಪ್ಪ ಅಮ್ಮ ಆಗಿದ್ದೀರಿ, ಇನ್ನು ಕೆಲವರು ಇನ್ನೇನು ಆಗ್ತೀರಿ. ನಿಮ್ಮ ಮನೆಗಳಲ್ಲಿ, ನಿಮ್ಮ ಧರ್ಮಗಳಲ್ಲಿ ಈ ಲೆಕ್ಕ ಹೇಗೆ? ಬಿಡುವಾದಾಗ ಬರೆಯಿರಿ.