ಸಮ ಮಾಡಿಕೊಂಡು ಏಳುವ ಆಸೆ

ಒಂದು ರೂಪಾಯಿ ನಾಣ್ಯವನ್ನು 200 ಸಲ ಚಿಮ್ಮಿಸಿ, ಬಂದದ್ದನ್ನೆಲ್ಲ ಸಾಲಾಗಿ ಬರೆದುಕೊಳ್ಳಿ. ಆ ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ ಆರು ಸಲ ಬಿಡದೆ ಒಂದೇ ಮುಖ ಬಂದಿರುತ್ತದೆ. ಬಾರದೇ ಇರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ನಾಣ್ಯ ಬಿಟ್ಟು ಮನಸ್ಸಿಗೆ ಬಂದಂತೆ ಬರೆಯಿರಿ ಎಂದರೆ ಮಾತ್ರ ಯಾರೂ ಆರು ಸಲ ಒಂದನ್ನೇ ಬರೆಯುವುದಿಲ್ಲ. ಮೂರಾಗುತ್ತಲೇ ಕೈ ತಾನಾಗಿ ಬದಲಾಯಿಸುತ್ತದೆ. ಸಾಲು ಸಾಲಾಗಿ ಸೋತಾಗ "ಇದು ಸಹಜ ಅಲ್ಲ, ಎಲ್ಲೋ ಏನೋ ನಡೆದಿದೆ" ಎಂದು ಅನ್ನಿಸಲು ಶುರುವಾಗುವುದು ಇಲ್ಲಿಂದಲೇ.

ನನಗೆ ಈ ಲೆಕ್ಕ ಬೇಕಾದದ್ದು ಪೋಕರ್‌ನ ದೆಸೆಯಿಂದ. ಕೋಪರಖೈರಣೆಯ ತೀನ್ ಟಾಕಿ ಹತ್ತಿರ ನಮ್ಮದೊಂದು ಶನಿವಾರದ ಬೈಠಕ್ ಇದೆ. ಐದಾರು ಮಂದಿ, ಎಲ್ಲರೂ ಐರೋಳಿ ಅಥವಾ ಮಹಾಪೆಯಲ್ಲಿ ಕೀಬೋರ್ಡ್ ಕುಟ್ಟುವವರು, ಎಲ್ಲರೂ ಕನ್ನಡದವರು. ರಾತ್ರಿ ಒಂಬತ್ತಕ್ಕೆ ಎಲೆ ಹಂಚಿದರೆ ಒಂದು ಗಂಟೆಗೆ ಮುಗಿಸುತ್ತೇವೆ. ಹಣ ಇಡುವುದಿಲ್ಲ, ಪ್ಲಾಸ್ಟಿಕ್ ಬಿಲ್ಲೆ ಅಷ್ಟೇ. ಕೊನೆಗೆ ಯಾರ ಮುಂದೆ ಕಡಿಮೆ ಬಿಲ್ಲೆ ಇದೆಯೋ ಅವರು ಎಲ್ಲರ ಊಟದ ದುಡ್ಡು ಕೊಡಬೇಕು. ಸಾವಿರದ ಐನೂರು ದಾಟಿದ್ದು ನೆನಪಿಲ್ಲ.

ಅಷ್ಟು ಸಣ್ಣ ಆಟದಲ್ಲೂ ಕಳೆದ ವರ್ಷ ಒಂಬತ್ತು ಶನಿವಾರ ಬಿಡದೆ ನನ್ನ ಬಿಲ್ಲೆ ಕರಗಿದಾಗ ಎದೆಯಲ್ಲಿ ಆದದ್ದು ಸಣ್ಣದಾಗಿರಲಿಲ್ಲ. ಎಕ್ಕದ ಜೋಡಿ ಹಿಡಿದು ಎದುರಿನವನ ರಾಜನ ಜೋಡಿಗೆ ಸೋಲುವುದು, ಅದೂ ಕೊನೆಯ ಎಲೆಯಲ್ಲಿ. ನೂರರಲ್ಲಿ 18 ಸಲ ಹಾಗೆ ಆಗಲೇಬೇಕು ಎಂದು ತಲೆಗೆ ಗೊತ್ತಿರುತ್ತದೆ, ಹೊಟ್ಟೆಗೆ ಗೊತ್ತಿರುವುದಿಲ್ಲ. ಭಾನುವಾರ ಬೆಳಿಗ್ಗೆ ದೋಸೆ ಹಾಕುತ್ತಾ ಹೆಂಡತಿ "ಆಫೀಸಲ್ಲಿ ಏನಾದ್ರೂ ಆಯ್ತಾ?" ಎಂದು ಕೇಳಿದ್ದಳು. ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಬರೆದಿಟ್ಟ ಮಾತು ಇದು: ಗೆದ್ದಾಗಿನ ಖುಷಿಗಿಂತ ಅಷ್ಟನ್ನೇ ಸೋತಾಗಿನ ನೋವು ಹೆಚ್ಚು. ಆಮೇಲಿನ ಅಳತೆಗಳಲ್ಲಿ ಅದು ಸುಮಾರು ಎರಡು ಪಟ್ಟು ಎಂದು ಕಂಡಿತು. ಅಂದರೆ ಅರ್ಧ ಗೆದ್ದು ಅರ್ಧ ಸೋತವನಿಗೂ ಮನಸ್ಸಿನ ಖಾತೆಯಲ್ಲಿ ನಷ್ಟವೇ.

ಹತ್ತನೇ ಶನಿವಾರದ ಹೊತ್ತಿಗೆ ಕಂಪ್ಯೂಟರಿನಲ್ಲಿ ಹದಿನೈದಿಪ್ಪತ್ತು ಸಾಲಿನ ಪೈಥಾನ್ ಬರೆದು ನೋಡಿದೆ. ಒಬ್ಬ ಒಳ್ಳೆಯ ಆಟಗಾರ, ಪ್ರತಿ 100 ಆಟಕ್ಕೆ ಸರಾಸರಿ ಐದು ಬಿಗ್ ಬ್ಲೈಂಡ್ ಗೆಲ್ಲುವವನು ಎಂದುಕೊಳ್ಳಿ (ಬಿಗ್ ಬ್ಲೈಂಡ್ ಎಂದರೆ ಎಲೆ ನೋಡುವ ಮೊದಲೇ ಇಡಬೇಕಾದ ದೊಡ್ಡ ಪಣ). ಇದು ಒಳ್ಳೆಯ ಗಳಿಕೆಯೇ. ಆದರೆ ಅದೇ 100 ಆಟದಲ್ಲಿ ಏರಿಳಿತ ತೊಂಬತ್ತರ ಆಸುಪಾಸು. ಹೀಗೆ 10,000 ಆಟ ಆಡಿಸಿದರೆ ಇಂಥ ಸಾವಿರ ಆಟಗಾರರಲ್ಲಿ ಸುಮಾರು 290 ಮಂದಿ ಕೊನೆಗೂ ನಷ್ಟದಲ್ಲೇ ಇರುತ್ತಾರೆ. ನಮ್ಮ ಬೈಠಕ್ಕಿನಲ್ಲಿ ಒಂದು ರಾತ್ರಿಗೆ ಹೆಚ್ಚೆಂದರೆ ನೂರು ಆಟ. 10,000 ಎಂದರೆ ನೂರು ಶನಿವಾರ, ಸರಿಸುಮಾರು ಎರಡು ವರ್ಷ. ಚೆನ್ನಾಗಿ ಆಡುವವನೂ ಎರಡು ವರ್ಷ ಸೋಲಬಹುದು, ಕೆಟ್ಟದಾಗಿ ಆಡುವವನೂ ಎರಡು ವರ್ಷ ಗೆದ್ದು ತನ್ನನ್ನು ಪ್ರಚಂಡ ಎಂದುಕೊಳ್ಳಬಹುದು. ನನ್ನ ಒಂಬತ್ತು ಶನಿವಾರ ಯಾವ ಮೂಲೆಗೆ?

ಹೀಗಾಗಿ ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ದೊಡ್ಡ ಆಟ ಬಂದಾಗ ನನ್ನ ಕೈಯಲ್ಲಿದ್ದ ಎಲೆ, ಮಾಡಿದ ತೀರ್ಮಾನ, ಅದಕ್ಕೆ ಕಾರಣ ಇಷ್ಟು ಬರೆಯುತ್ತೇನೆ. ಗೆದ್ದೆನೋ ಸೋತೆನೋ ಎಂಬುದನ್ನು ಬರೆಯುವುದಿಲ್ಲ. ಮನಶ್ಶಾಸ್ತ್ರ ಓದಿ ಪೋಕರ್‌ಗೆ ಬಂದ ಆನಿ ಡ್ಯೂಕ್ ತಮ್ಮ 2018ರ ಪುಸ್ತಕದಲ್ಲಿ ಫಲಿತಾಂಶ ನೋಡಿ ತೀರ್ಮಾನಕ್ಕೆ ಅಂಕ ಕೊಡಬೇಡಿ ಎಂದು ವಾದಿಸುತ್ತಾರೆ. ಮಂಗಳವಾರ ತಣ್ಣಗೆ ಕೂತು ಓದಿದರೆ ಯಾವುದು ಸರಿ, ಯಾವುದು ಹಟ ಎಂದು ಕಾಣುತ್ತದೆ. ಇನ್ನೊಂದು, ಏಳುವ ಹೊತ್ತನ್ನು ಗಡಿಯಾರ ಹೇಳಬೇಕು, ಬಿಲ್ಲೆಯ ರಾಶಿ ಹೇಳಬಾರದು. ಉಸಿರಾಟ, ಧ್ಯಾನ ಎಂದೆಲ್ಲ ಹೇಳುವವರಿದ್ದಾರೆ. ಇರಲಿ, ನನಗೆ ಅದಕ್ಕಿಂತ ಬಾಲ್ಕನಿಗೆ ಹೋಗಿ ನೀರು ಕುಡಿಯುವುದೇ ಹೆಚ್ಚು ಕೆಲಸಕ್ಕೆ ಬಂದಿದೆ.

ಸಿಟ್ಟಿನಲ್ಲಿ ಆಡುವುದಕ್ಕೆ ಪೋಕರಿನವರು 'ಟಿಲ್ಟ್' ಎನ್ನುತ್ತಾರೆ. ಹಳೆಯ ಪಿನ್‌ಬಾಲ್ ಯಂತ್ರವನ್ನು ಕೋಪದಿಂದ ಅಲ್ಲಾಡಿಸಿದರೆ ಅದು ಆ ಪದ ತೋರಿಸಿ ಆಟ ನಿಲ್ಲಿಸುತ್ತಿತ್ತು. ಮನುಷ್ಯನಲ್ಲಿ ಅಂಥ ದೀಪ ಇಲ್ಲ. ನಮ್ಮಲ್ಲಿ ಒಬ್ಬರು ಸೋತರೆ ಕುರ್ಚಿ ಬದಲಿಸುತ್ತಾರೆ, ಇನ್ನೊಬ್ಬರು ಹೊಸ ಕಟ್ಟು ತೆಗೆಯಿರಿ ಎನ್ನುತ್ತಾರೆ. ನಾನು ನಗುವಂತಿಲ್ಲ. ನಮ್ಮ ಕಾರ್ಕಳದ ಕಡೆ ಕೋಳಿ ಅಂಕದಲ್ಲಿ ಸೋತವರು ಕುಕ್ಕುಟ ಪಂಚಾಂಗ ಬಿಡಿಸಿ, ಆವತ್ತು ಯಾವ ಬಣ್ಣದ ಹುಂಜ ಬಿಡಬೇಕಿತ್ತು ಎಂದು ಚರ್ಚಿಸುವುದನ್ನು ಕೇಳಿಕೊಂಡೇ ಬೆಳೆದವನು.

ಇಲ್ಲಿಯವರೆಗಿನದು ಊಟದ ಬಿಲ್ಲಿನ ಮಾತು. ಮೊಬೈಲಿನಲ್ಲಿ ಹಣ ಕಟ್ಟಿ ಆಡುವವರ ಕಥೆ ಬೇರೆ. ಬೈಠಕ್ಕಿನ ಗೆಳೆಯನೊಬ್ಬ, ಗದಗದ ಕಡೆಯವನು, ಎರಡು ವರ್ಷದಿಂದ ಆ್ಯಪ್‌ನಲ್ಲಿ ಪೋಕರ್ ಆಡುತ್ತಿದ್ದ. ನಮಗೆ ಗೊತ್ತಿತ್ತು, ಎಷ್ಟು ಎಂದು ಗೊತ್ತಿರಲಿಲ್ಲ. ಒಂದು ದಿನ ಎರಡು ಲಕ್ಷ ಸಾಲ ಕೇಳಿದ.

"ಅಣ್ಣಾ, ಇದು ಸ್ಕಿಲ್ ಗೇಮ್ ಐತ್ರಿ. ಕೋರ್ಟೇ ಹೇಳೇತಿ. ಈಗ ಟೈಮ್ ಸರಿ ಇಲ್ಲ ಅಷ್ಟ. ಹೋದದ್ದು ಬಂದ್ರ ಸಾಕು, ಮತ್ತ ಮುಟ್ಟಂಗಿಲ್ಲ."

ಕೋರ್ಟ್ ಹೇಳಿದ್ದು ನಿಜ, ಆದರೆ ಒಂದೇ ಬಾಯಲ್ಲಿ ಹೇಳಿಲ್ಲ. ಮನರಂಜನಾ ಕ್ಲಬ್ಬಿನಲ್ಲಿ ಪೋಕರ್ ಆಡುವುದು ಕೌಶಲದ ಆಟವಾದರೆ ಅದಕ್ಕೆ ಪರವಾನಗಿ ಬೇಡ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಗುಜರಾತ್ ಹೈಕೋರ್ಟ್ 2017ರಲ್ಲಿ ಅದು ಜೂಜೇ ಎಂದಿತು. ಕರ್ನಾಟಕ 2021ರಲ್ಲಿ ತಂದ ನಿಷೇಧ 2022ರ ಫೆಬ್ರುವರಿಯಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಈ ವಾದ ವಕೀಲರಿಗೆ ಬೇಕು. ಸೋಲುತ್ತಿರುವವನ ಕಿವಿಗೆ ಮಾತ್ರ 'ಕೌಶಲ' ಎಂಬ ಪದ ವಿಷವಾಗುತ್ತದೆ. ಅದೃಷ್ಟದ ಆಟ ಎಂದುಕೊಂಡಿದ್ದರೆ ಹಣೆಬರಹ ಎಂದು ಎದ್ದು ಬರುತ್ತಿದ್ದ. ಕೌಶಲದ ಆಟ ಎಂದಮೇಲೆ ಹೋದದ್ದೆಲ್ಲ ತನ್ನದೇ, ಯಾರೋ ಇಟ್ಟುಕೊಂಡಿದ್ದಾರೆ, ವಾಪಸ್ ಕೊಡಲೇಬೇಕು ಎಂಬ ಹಟ ಬರುತ್ತದೆ. ಮೇಲಾಗಿ ಅಲ್ಲಿ ಪ್ರತಿ ಪಣದಿಂದಲೂ ಆಟ ನಡೆಸುವವರ ಪಾಲು ಕತ್ತರಿಸಿ ಹೋಗುತ್ತದೆ. ಅವನು ಸೋಲಿನ ಸರಣಿ ಎಂದುಕೊಂಡದ್ದು ಸರಣಿಯೇ ಆಗಿರಬೇಕೆಂದಿಲ್ಲ, ಅದು ಆ ಆಟದ ಮಾಮೂಲಿ ದರವೂ ಇರಬಹುದು.

ಸಾಲ ಕೊಡಲಿಲ್ಲ. "ಸ್ಟೇಟ್‌ಮೆಂಟ್ ತೆಗಿ, ಕೂತು ಕೂಡೋಣ" ಎಂದೆ. ಮೊದಲು ರೇಗಿದ, ಎರಡು ವಾರ ಫೋನ್ ಎತ್ತಲಿಲ್ಲ. ಆಮೇಲೆ ಅವನ ಹೆಂಡತಿಯೇ ಫೋನ್ ಮಾಡಿ, "ಅಣ್ಣಾರ, ನನಗ ಏನೂ ಹೇಳವಲ್ಲರು. ನೀವರ ಒಮ್ಮೆ ಬರ್ರಿ" ಎಂದರು. ಹೋದೆ. ಎರಡು ವರ್ಷದ ಯುಪಿಐ ಸಾಲುಗಳನ್ನು ಎಕ್ಸೆಲ್‌ಗೆ ಹಾಕಿದೆವು. "ಒಂದೂವರೆ ಲಕ್ಷ ಹೋಗಿರಬಹುದು" ಎನ್ನುತ್ತಿದ್ದ. ಹೋದದ್ದು 6,84,000, ಬಂದದ್ದು 2,61,000. ಅವನು ಸುಳ್ಳು ಹೇಳಿರಲಿಲ್ಲ, ಬಂದ ದಿನಗಳಷ್ಟೇ ನೆನಪಿನಲ್ಲಿದ್ದವು. ಮೂವರೂ ಬಹಳ ಹೊತ್ತು ಮಾತಾಡಲಿಲ್ಲ. ಅವರ ಮಗಳು ಒಳಗೆ ಪಾಠ ಗಟ್ಟಿಯಾಗಿ ಓದುತ್ತಿದ್ದಳು.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದಿತು. ಕೌಶಲವೋ ಅದೃಷ್ಟವೋ, ಹಣ ಕಟ್ಟುವ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ. ದೊಡ್ಡ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದವು. ಗೆಳೆಯನ ಬೆರಳು ನಿಲ್ಲಲಿಲ್ಲ. ಟೆಲಿಗ್ರಾಂನಲ್ಲಿ ಬಂದ ಯಾವುದೋ ವಿದೇಶಿ ಲಿಂಕಿಗೆ ಮತ್ತೆ ಇಪ್ಪತ್ತು ಸಾವಿರ ಹೋಯಿತು.

ಕುಮಾರವ್ಯಾಸನ ಸಭಾಪರ್ವವನ್ನು ಗಮಕದಲ್ಲಿ ಕೇಳಿದವರಿಗೆ ಗೊತ್ತು, ಧರ್ಮರಾಯ ಎರಡು ಸಲ ಆಡುತ್ತಾನೆ. ನಮಗೆಲ್ಲ ಮೊದಲನೆಯದೇ ನೆನಪು. ನನಗೆ ಹೆಚ್ಚು ಭಯ ಹುಟ್ಟಿಸುವುದು ಎರಡನೆಯದು, ಅನುದ್ಯೂತ. ಸೋತದ್ದೆಲ್ಲ ವಾಪಸ್ ಸಿಕ್ಕಿದೆ, ಊರಿಗೆ ಹೊರಟಾಗಿದೆ, ಕರೆ ಬಂದ ಕೂಡಲೇ ತಿರುಗಿ ಬಂದು ಕೂರುತ್ತಾನೆ. ಹೋದದ್ದು ಬಂದರೆ ನಿಲ್ಲಿಸುತ್ತೇನೆ ಎನ್ನುವವರಿಗೆ ಹೇಳಬೇಕಾದ ಕಥೆ ಅದು.

ಎಲೆಯ ಆಟ ನಿದ್ದೆ ಕೆಡಿಸುತ್ತಿದ್ದರೆ, ಮನೆಯವರಿಂದ ಮುಚ್ಚಿಡುವಂತಾಗಿದ್ದರೆ ನೋಟ್‌ಬುಕ್ಕು, ಪೈಥಾನು ಏನೂ ಸಾಲದು. ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಖರ್ಚಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಗೇಮಿಂಗ್ ಚಟಕ್ಕೆಂದೇ 'ಶಟ್' ಕ್ಲಿನಿಕ್ 2014ರಿಂದ ಇದೆ. ಊರಿಗೆ ಹೋದಾಗ ತೋರಿಸಿಕೊಂಡು ಬರಬಹುದು.

ಗೆಳೆಯ ಈಗ ಯುಪಿಐ ಮಿತಿಯನ್ನು ದಿನಕ್ಕೆ ಎರಡು ಸಾವಿರಕ್ಕೆ ಇಳಿಸಿದ್ದಾನೆ. ಕ್ರೆಡಿಟ್ ಕಾರ್ಡು ಹೆಂಡತಿಯ ಕಪಾಟಿನಲ್ಲಿದೆ. ಶನಿವಾರ ಬರುತ್ತಾನೆ, ಊಟಕ್ಕೆ ಮಾತ್ರ. ಅವನು ಬಂದ ಮೇಲೆ ನಾವೂ ಎಲೆ ಎತ್ತಿಡುತ್ತೇವೆ. ಸಾಲದ ಕಂತು ಇನ್ನೂ ಹದಿನಾಲ್ಕು ಬಾಕಿ ಇವೆ.